ಎಡಗಡೆಯ ಎಂಟು ಬೋಲ್ಟು

ನಾಪೋಕ್ಲು
8 ಜೂನ್ 2025

ಪ್ರಿಯ ಲೋಕೇಶ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಒಂದೇ ಟಿಕ್ ಬಿದ್ದು ಸುಮ್ಮನಾಗುತ್ತದೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯೆಂದು ತಿಳಿಯಲು ನನ್ನಂಥ ಜಾಣನಿಗೆ ಎರಡು ತಿಂಗಳು ಬೇಕಾಯಿತು. ಹಾಗಾಗಿ ಈ ಕಾಗದ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಕೈಯಲ್ಲಿ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ವಿಷಯ ದೊಡ್ಡದೇನಲ್ಲ. ಪಿಕಪ್ಪಿಗೆ ಹೊಸ ರಾಕ್ ಸ್ಲೈಡರ್ ಹಾಕಿಸಬೇಕು. ಬಾಡಿ ಕೆಲಸ ಮುಗಿಯಿತು, ಎಡಗಡೆ ಬಾಗಿಲು ಹೊಸದು, ಬಣ್ಣವೂ ಆಯಿತು. ಬಾಗಿಲ ಕೆಳಗೆ ಮಾತ್ರ ಎರಡೂ ಕಡೆ ಬೋಳು. ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತದೆ.

ಮೊನ್ನೆ ರಮ್ಯ ಕೇಳಿದಳು, ಇಷ್ಟು ತಲೆ ಕೆಡಿಸಿಕೊಳ್ಳುವುದು ಹತ್ತಿ ಇಳಿಯುವ ಮೆಟ್ಟಿಲಿಗೋ ಎಂದು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಹೆಂಡತಿಯ ಬಾಯಲ್ಲಿ ಈ ಮಾತು. ಕೂರಿಸಿಕೊಂಡು ಹೇಳಿದೆ: ಮೆಟ್ಟಿಲು ಮನುಷ್ಯರಿಗೆ, ಇದು ಬಂಡೆಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಉದ್ದಕ್ಕೆ ಕೂರಿಸುವ ಕಬ್ಬಿಣದ ಪೈಪು. ಗಾಡಿ ಬಂಡೆಯ ಮೇಲೆ ವಾಲಿ ಕೂತರೆ ಅದರ ಭಾರವನ್ನೆಲ್ಲ ಈ ಪೈಪು ಹೊರಬೇಕು, ಬಂಡೆಯ ಮೇಲೆ ಜಾರಿಕೊಂಡು ಹೋಗಬೇಕು. ಇಲ್ಲದಿದ್ದರೆ ಬಂಡೆ ನೇರ ಬಾಗಿಲೊಳಗೆ ಬರುತ್ತದೆ. ಅವಳು ಗೊತ್ತು ಎಂದಳು. ಎದ್ದು ಒಳಗೆ ಹೋದಳು.

ಮೂರು ಜೊತೆ ನೋಡಿದ್ದೇನೆ. ಮೈಸೂರಿನಲ್ಲಿ ಒಂದು, ಅಲ್ಯುಮಿನಿಯಮ್ಮಿನದು, ಹಗುರ, ಫಳಫಳ. ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಕೇರಳದ ಇರಿಟ್ಟಿಗೂ ಹೋಗಿದ್ದೆ. ಅಲ್ಲಿಯದು ಚೌಕ ಪೈಪು, ಬಹಳ ಗಟ್ಟಿ. ಮೂರನೆಯದು ಕೊಯಮತ್ತೂರಿನವರದ್ದು, ದುಂಡು ಪೈಪು, ಹಿಂದಿನ ತುದಿ ಹೊರಕ್ಕೆ ಬಾಗಿದೆ. ಮೂರರ ಫೋಟೋವನ್ನೂ ಇದರೊಳಗೆ ಇಟ್ಟಿದ್ದೇನೆ. ಕ್ಲಬ್ಬಿನ ಆಫ್ ರೋಡ್ ಸ್ಪರ್ಧೆ ಸೆಪ್ಟೆಂಬರ್ ಹದಿನಾಲ್ಕಕ್ಕೆ. ಅದೇ ಎಸ್ಟೇಟು, ಅದೇ ಎಮ್ಮೆಬಂಡೆ.

ನೀನು ಮಾಡಿಕೊಟ್ಟಿದ್ದ ಜೊತೆಯ ಮಾತು ಈಗ ಬೇಡ. ಕಳೆದ ವರ್ಷದ್ದು ಕಳೆದ ವರ್ಷಕ್ಕೆ. ಮೂರರಲ್ಲಿ ಯಾವುದೆಂದು ಮಾತ್ರ ಹೇಳು. ಒಂದು ಪದ ಸಾಕು.

ನಿನ್ನ
ತೀರ್ಥಪ್ರಸಾದ್

ಕಾಲು ಹೇಗಿದೆ?


ನಾಪೋಕ್ಲು
19 ಜೂನ್ 2025

ಲೋಕೇಶ,

ಹನ್ನೊಂದು ದಿನವಾಯಿತು. ಕಾಗದ ತಲುಪಿಸಿದ್ದೇನೆಂದು ಕಂಡಕ್ಟರ್ ಆಣೆ ಮಾಡುತ್ತಾನೆ. ಪಾಲಿಬೆಟ್ಟದ ನಿನ್ನ ಶೆಡ್ಡಿನಲ್ಲಿ, ನಿನ್ನ ಕೈಗೇ ಕೊಟ್ಟನಂತೆ. ನೀನು ಗ್ಲೌಸು ತೆಗೆಯದೆ ತಗೊಂಡೆಯಂತೆ.

ನನಗೆ ಒಂದು ಕಡೆ ಕಾಲು ನಿಲ್ಲುವುದಿಲ್ಲ. ಮಳೆ ಹಿಡಿದಿದೆ, ತೋಟದಲ್ಲಿ ನೆರಳುಮರದ ಕೊಂಬೆ ಸವರುವ ಮರಗಸಿ ಮುಗಿದಿಲ್ಲ. ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಪಿಕಪ್ಪಿನ ಹತ್ತಿರ ಹೋಗಿ ಬಗ್ಗಿ ನೋಡಿ ಬರುತ್ತೇನೆ. ಏನು ನೋಡುತ್ತೇನೆ ಎಂದು ಕೇಳಬೇಡ. ನಿನ್ನೆ ಇರಿಟ್ಟಿಗೆ ಇನ್ನೊಮ್ಮೆ ಹೋದೆ. ಅಂಗಡಿಯವನು ಮುಂಗಡ ಕೊಡಿ ಎಂದ. ಜೇಬಿಗೆ ಕೈ ಹಾಕಿ, ಒಬ್ಬರನ್ನು ಕೇಳಬೇಕು ಎಂದು ವಾಪಸು ಬಂದೆ. ಆ ಘಾಟಿಯ ಕೆಸರಿನಲ್ಲಿ ಎರಡು ಗಂಟೆ ಹೋಗುವುದಕ್ಕೆ, ಎರಡು ಗಂಟೆ ಬರುವುದಕ್ಕೆ.

ಅಮ್ಮ ನಿನ್ನನ್ನು ಕೇಳುತ್ತಿದ್ದರು. ಲೋಕೇಶ ಕೈಲುಮುಹೂರ್ತದ ಹಬ್ಬಕ್ಕಾದರೂ ಬರುತ್ತಾನೋ ಎಂದು. ಅವನಿಗೆ ಕೆಲಸ ಜಾಸ್ತಿ ಎಂದು ಹೇಳಿದ್ದೇನೆ.

ಇಲ್ಲ ಎಂದಾದರೂ ಬರೆ.

ತೀರ್ಥಪ್ರಸಾದ್


ಪಾಲಿಬೆಟ್ಟ
27 ಜೂನ್ 2025

ತೀರ್ಥಪ್ರಸಾದ್ ಅವರಿಗೆ,

ನಿಮ್ಮ ಎರಡೂ ಕಾಗದ ಬಂದಿವೆ.

ಅಲ್ಯುಮಿನಿಯಮ್ಮಿನದು ಬೇಡ. ಅದನ್ನು ಕೂರಿಸುವುದು ಬಾಡಿಯ ತಗಡಿಗೆ. ಸಂತೆಗೆ ಹೋಗುವ ಗಾಡಿಗೆ ಚಂದ. ಚೌಕ ಪೈಪು ಗಟ್ಟಿ ನಿಜ, ಆದರೆ ಅದರ ಮೂಲೆ ಬಂಡೆಗೆ ಕಚ್ಚಿ ನಿಲ್ಲುತ್ತದೆ, ಜಾರುವುದಿಲ್ಲ. ದುಂಡು ಪೈಪು ಜಾರುತ್ತದೆ. ಹಿಂದಿನ ತುದಿ ಹೊರಕ್ಕೆ ಬಾಗಿದ್ದರೆ ಬಂಡೆ ಚಕ್ರದ ಕಡೆಗೆ ಬರದ ಹಾಗೆ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಯಾವುದನ್ನು ತಗೊಂಡರೂ ಚಾಸಿಗೆ ಬೋಲ್ಟ್ ಮಾಡಬೇಕು, ನೆಲದ ತಗಡಿಗಲ್ಲ. ಇದೆಲ್ಲ ನಿಮಗೆ ಗೊತ್ತಿರುವುದೇ. ನಾನೇ ಹೇಳಿಕೊಟ್ಟದ್ದು.

ಗೊತ್ತಿದ್ದೂ ನನ್ನನ್ನು ಯಾಕೆ ಕೇಳುತ್ತಿದ್ದೀರಿ? ಅದು ನನಗೆ ಅರ್ಥವಾಗುವುದಿಲ್ಲ.

ಹೋದ ವರ್ಷ ಸೆಪ್ಟೆಂಬರ್ ಎಂಟಕ್ಕೆ ಎಮ್ಮೆಬಂಡೆಯ ಮೇಲೆ ಎಡಗಡೆಯ ಸ್ಲೈಡರ್ ಕಳಚಿತು. ಸ್ಟಿಯರಿಂಗಿನಲ್ಲಿ ನೀವು, ಎಡಗಡೆ ಸೀಟಿನಲ್ಲಿ ನಾನು. ಬಾಗಿಲು ಒಳಕ್ಕೆ ಮಡಚಿ ನನ್ನ ಪಾದ ಸಿಕ್ಕಿಕೊಂಡಿತು. ಹೊರಗೆ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ನನ್ನನ್ನು ಸ್ಟ್ರೆಚರಿಗೆ ಹಾಕುವ ಮೊದಲೇ ನೀವು ಅಷ್ಟು ಜನರ ಮುಂದೆ ಹೇಳಿದಿರಿ, ಲೋಕೇಶನ ವೆಲ್ಡ್ ಬಿಟ್ಟಿತು ಎಂದು.

ಆ ಒಂದು ಮಾತಿಗೆ ನಾಪೋಕ್ಲಿನ ನನ್ನ ಶೆಡ್ಡು ಮುಚ್ಚಿತು. ತನ್ನ ಕಾಲನ್ನೇ ಉಳಿಸಿಕೊಳ್ಳಲಾಗದವನು ಮಾಡಿದ ಕಬ್ಬಿಣವನ್ನು ಯಾರು ನಂಬುತ್ತಾರೆ? ಈಗ ಇಲ್ಲಿ ಎಸ್ಟೇಟಿನ ಗೇಟು, ಕಾಫಿ ಪಲ್ಪರ್ ಯಂತ್ರದ ಕಾಲು, ಕೂಲಿಯವರ ಲೈನ್‌ಮನೆಯ ಕಿಟಕಿ ಸರಳು ವೆಲ್ಡ್ ಮಾಡುತ್ತೇನೆ. ಗಾಡಿ ಕೆಲಸ ಒಂದೂ ಇಲ್ಲ.

ನಿಮಗೆ ನಿಜವಾಗಿಯೂ ನನ್ನ ಸಲಹೆ ಬೇಕಿದ್ದರೆ ಒಂದು ಕೆಲಸ ಮಾಡಿ. ಗಾಡಿಯ ಅಡಿಗೆ ಹೋಗಿ ಎಡಗಡೆ ಚಾಸಿಯಲ್ಲಿರುವ ತೂತುಗಳನ್ನು ನೋಡಿ. ಸ್ಲೈಡರಿನ ಎಂಟು ಬೋಲ್ಟುಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟನ್ನು ಕಟ್ಟಿ ಕಳಿಸಿ. ನೋಡಿ ಹೇಳುತ್ತೇನೆ.

ಕಾಲು ನಡೆಯುತ್ತದೆ.

ಇತಿ
ಲೋಕೇಶ್


ನಾಪೋಕ್ಲು
3 ಜುಲೈ 2025

ಲೋಕೇಶ,

ಬೋಲ್ಟ್ ಸಿಗಲಿಲ್ಲ. ಬಾಡಿ ಕೆಲಸದವರು ಎಲ್ಲಿ ಎಸೆದರೋ. ಮಳೆಯಲ್ಲಿ ತುಕ್ಕು ಹಿಡಿದಿರುತ್ತದೆ, ಸಿಕ್ಕಿದರೂ ಪ್ರಯೋಜನವಿಲ್ಲ.

ಬೇರೆ ಒಂದು ಮಾತು. ಕಾಗದದ ತುಂಬ ನೀವು, ನಿಮಗೆ, ಹೇಳಿದಿರಿ. ಹನ್ನೆರಡು ವರ್ಷದಲ್ಲಿ ಹೊರಗೆ ನೀನು ತೀರ್ಥಣ್ಣ, ನೀವು ಎಂದದ್ದು ಸರಿ. ಗಾಡಿಯೊಳಗೆ ಕೂತರೆ? "ತೀರ್ಥ, ಎಡಕ್ಕೆ ಒಡಿ. ಹುಚ್ಚ, ನಿನಗೆ ಕಣ್ಣಿಲ್ವಾ?" ಬಾಗಿಲು ಹಾಕಿದ ಕೂಡಲೇ ನಾನು ಮಾಲೀಕನೂ ಅಲ್ಲ, ನೀನು ವೆಲ್ಡರನೂ ಅಲ್ಲ. ನನಗೆ ಬೇಕಾದದ್ದು ಅದು.

ಹಾಗಾದರೆ ಕೊಯಮತ್ತೂರಿನ ದುಂಡು ಪೈಪೇ ತರಿಸಲೋ?

ತೀರ್ಥಪ್ರಸಾದ್


ನಾಪೋಕ್ಲು
6 ಜುಲೈ 2025

ಲೋಕೇಶ,

ಮೂರು ದಿನದ ಹಿಂದೆ ಬರೆದದ್ದು ಸುಳ್ಳು. ಬೋಲ್ಟ್ ನನ್ನ ಹತ್ತಿರ ಇವೆ. ಎಂಟರಲ್ಲಿ ಮೂರು. ಅವತ್ತಿನಿಂದ ಪಿಕಪ್ಪಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇವೆ, ಬಟ್ಟೆ ಸುತ್ತಿ. ಇದರ ಜೊತೆ ಕಳಿಸುತ್ತಿದ್ದೇನೆ. ಒಂದರ ತ್ರೆಡ್ಡೂ ಕೆಟ್ಟಿಲ್ಲ. ಮುರಿದು ಬಂದ ಬೋಲ್ಟ್ ಹೀಗಿರುವುದಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಹೇಳುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಅದಕ್ಕೆ ಒಂದೇ ಉಸಿರಿಗೆ.

ಕೈಲುಮುಹೂರ್ತದ ಹಿಂದಿನ ದಿನ ಸ್ಲೈಡರ್ ಎರಡನ್ನೂ ಬಿಚ್ಚಿದೆ. ಕೋವಿ, ಕತ್ತಿ, ನೇಗಿಲಿನ ಜೊತೆ ಪಿಕಪ್ಪಿಗೂ ಹೂ ಏರಿಸುತ್ತೇವಲ್ಲ, ಹೊಳೆಯಲಿ ಎಂದು ಉಜ್ಜಿ ಕಪ್ಪು ಬಣ್ಣ ಹೊಡೆದೆ. ಒಣಗಿ ವಾಪಸು ಕೂರಿಸುವ ಹೊತ್ತಿಗೆ ಸ್ಪ್ಯಾನರ್ ಪೆಟ್ಟಿಗೆ ಇಲ್ಲ. ಅಮ್ಮ ಅದನ್ನು ಕೋವಿಯ ಪಕ್ಕದಲ್ಲಿ ದೇವರ ಕೋಣೆಯಲ್ಲಿಟ್ಟು ದೀಪ ಹಚ್ಚಿಯಾಗಿತ್ತು. ನಮ್ಮ ಮನೆಯ ಕಟ್ಟು ನಿನಗೆ ಗೊತ್ತು. ಕೇಳಿದ್ದಕ್ಕೆ ಅಮ್ಮ ಹೇಳಿದ್ದು ಒಂದೇ ಮಾತು: "ಪೂಜೆಗೆ ಇಸಿದರ ನಾಳೆವರೆಗೆ ಮುಟ್ಟಿಕೆ ಬೊತ್ತು."

ಅಮ್ಮ ಮುಟ್ಟಬೇಡ ಎಂದ ಮೇಲೆ ಹದಿನಾರು ಬೋಲ್ಟುಗಳನ್ನೂ ಬೆರಳಲ್ಲೇ ತಿರುಗಿಸಿ ನಿಲ್ಲಿಸಿದೆ. ಮಾರನೆಯ ದಿನ ಪೂಜೆ ಆಯಿತು, ಅಮ್ಮ ಪೆಟ್ಟಿಗೆ ಎತ್ತಿಕೊಟ್ಟರು. ಬಲಗಡೆಯ ಎಂಟನ್ನೂ ಬಿಗಿದೆ. ಎಡಗಡೆಗೆ ಬರುವಾಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬದ ಆಟಕ್ಕೆ ಕರೆದರು, ಸ್ಪ್ಯಾನರನ್ನು ಸೀಟಿನ ಹಿಂದೆ ಎಸೆದು ಓಡಿದೆ. ಆಮೇಲೆ ಊಟ, ಆಮೇಲೆ ನೆಂಟರು. ಮರೆತೆ.

ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಇಷ್ಟೇ ಅಲ್ಲ.

ಭಾನುವಾರ ಎಮ್ಮೆಬಂಡೆಯ ಕೆಳಗೆ ಸರದಿಯಲ್ಲಿ ನಿಂತಿದ್ದೆವು. ನಮ್ಮ ಮುಂದೆ ಎರಡೇ ಗಾಡಿ. ನೀನು ಕಿವಿಗೊಟ್ಟು, "ಎಡಗಡೆ ಎಂತದೋ ಸದ್ದು ಬರ್ತಾ ಉಂಟಲ್ಲ" ಎಂದೆ. ಆ ಕ್ಷಣ ನನಗೆ ನೆನಪಾಯಿತು, ಲೋಕೇಶ. ಪೂರ್ತಿ ನೆನಪಾಯಿತು. ಸ್ಪ್ಯಾನರ್ ನನ್ನ ಬೆನ್ನ ಹಿಂದೆ ಇತ್ತು. ಇಳಿದು ಬಿಗಿಯಲು ಐದು ನಿಮಿಷ ಸಾಕಿತ್ತು. ಇಳಿದರೆ ಸರದಿ ಹೋಗುತ್ತದೆ, ಪ್ರತಿ ವರ್ಷ ನನಗೆ ಪೈಪೋಟಿ ಕೊಡುವ ಭವಿತ್‌ಗಿಂತ ಹಿಂದೆ ಬೀಳುತ್ತೇನೆ ಎಂಬುದೊಂದೇ ತಲೆಯಲ್ಲಿ. ಒಂದು ಬಂಡೆ ತಾನೆ, ಹತ್ತಿ ಇಳಿದ ಮೇಲೆ ನೋಡೋಣ ಎಂದುಕೊಂಡು, ಜಾಕ್ ಸಡಿಲ ಆಗಿರಬೇಕು ಎಂದು ನಿನಗೆ ಹೇಳಿದೆ. ನೀನು ನಂಬಿದೆ.

ನಿನ್ನನ್ನು ಗಾಡಿಯಿಂದ ಹೊರಗೆ ತೆಗೆದ ಕೂಡಲೇ ಎಲ್ಲರೂ ಏನಾಯಿತು, ಏನಾಯಿತು ಎಂದು ಮುತ್ತಿಕೊಂಡರು. ಬಾಯಿಗೆ ಮೊದಲು ಬಂದದ್ದು ನಿನ್ನ ಹೆಸರು. ಸ್ಲೈಡರನ್ನು ಯಾರೂ ನೋಡುವ ಮೊದಲೇ ಟಾರ್ಪಾಲಿನಲ್ಲಿ ಸುತ್ತಿ ಮನೆಗೆ ತಂದೆ. ಗೋದಾಮಿನಲ್ಲಿದೆ. ರಮ್ಯನಿಗೂ ನಿನ್ನೆಯವರೆಗೆ ಹೇಳಿರಲಿಲ್ಲ. ನಿನ್ನೆ ಹೇಳಿದೆ. ಸಂಜೆ ಅವಳು ಕಾಗದ ಪೆನ್ನು ತಂದು ಮುಂದಿಟ್ಟಳು.

ನನಗೆ ನಾಚಿಕೆಯಾಗುತ್ತಿದೆ. ಇದಕ್ಕಿಂತ ಒಳ್ಳೆಯ ಮಾತು ಸಿಗುತ್ತಿಲ್ಲ.

ತೀರ್ಥ


ಪಾಲಿಬೆಟ್ಟ
21 ಜುಲೈ 2025

ತೀರ್ಥಪ್ರಸಾದ್ ಅವರಿಗೆ,

ಬೋಲ್ಟ್ ತಲುಪಿದವು.

ಬಿಗಿದಿರಲಿಲ್ಲ ಎಂಬುದು ನನಗೆ ಅವತ್ತೇ ಗೊತ್ತಿತ್ತು. ಸ್ಟ್ರೆಚರಿನ ಮೇಲೆ ಮಲಗಿದ್ದಾಗ ಸ್ಲೈಡರ್ ನನ್ನ ಪಕ್ಕದಲ್ಲೇ ಬಿದ್ದಿತ್ತು. ವೆಲ್ಡ್ ಬಿಟ್ಟಿದ್ದರೆ ಬೋಲ್ಟ್ ಹಾಕುವ ಪ್ಲೇಟು ಪೈಪಿನಿಂದ ಬೇರೆಯಾಗಿರಬೇಕು. ನಾಲ್ಕೂ ಪ್ಲೇಟು ಪೈಪಿನಲ್ಲೇ ಇದ್ದವು. ಬೋಲ್ಟಿನ ತೂತು ದುಂಡಗೆ ಇತ್ತು, ಹರಿದಿರಲಿಲ್ಲ. ನನ್ನ ಕೈಯ ಕೆಲಸ ನನಗೆ ಗೊತ್ತಾಗುವುದಿಲ್ಲವೇ?

ಗೊತ್ತಿಲ್ಲದೆ ಇದ್ದದ್ದು ಜಾಕಿನ ಮಾತು. ನೀವು ಮರೆತಿರಿ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಈಗ ತಿಳಿಯಿತು. ಆ ಸಾಲನ್ನು ಓದಿ ಎರಡು ವಾರ ನಿಮಗೆ ಬರೆಯಲು ಆಗಲಿಲ್ಲ.

ಆವಾಗಲೇ ಯಾಕೆ ಹೇಳಲಿಲ್ಲ ಎಂದು ಮನೆಯಲ್ಲಿ ಹೆಂಡತಿ ಸುಮಿತಾ ಇವತ್ತಿಗೂ ನನ್ನನ್ನು ಬೈಯುತ್ತಾಳೆ. ಯಾರಿಗೆ ಹೇಳುವುದು? ಒಂದು ಕಡೆ ನೀವು, ತೋಟದ ಮನೆಯವರು, ನಾಲ್ಕು ಸಲ ಕಪ್ ಗೆದ್ದವರು. ಇನ್ನೊಂದು ಕಡೆ ಲೈನ್‌ಮನೆಯ ಜವರನ ಮಗ. ಹೇಳಿದ್ದರೆ ತಪ್ಪು ಮಾಡಿದ್ದಲ್ಲದೆ ಅದನ್ನು ತೀರ್ಥಣ್ಣನ ಮೇಲೆ ಹಾಕುತ್ತಾನೆ ಎನ್ನುತ್ತಿದ್ದರು. ನೀವೇ ಹೇಳುತ್ತೀರಿ ಎಂದು ಕಾದೆ. ಮೊದಲು ಒಂದು ವಾರ, ಆಮೇಲೆ ಒಂದು ತಿಂಗಳು.

ನನಗೆ ಒಬ್ಬನಿಗೇ ಹೇಳಿದರೆ ನನ್ನ ಕೆಲಸ ವಾಪಸು ಬರುವುದಿಲ್ಲ. ಎಲ್ಲಿ ಹೇಳಿದ್ದಿರೋ ಅಲ್ಲೇ, ಯಾರ ಮುಂದೆ ಹೇಳಿದ್ದಿರೋ ಅವರ ಮುಂದೆಯೇ ಹೇಳಿ. ಅಲ್ಲಿಯವರೆಗೆ ಸ್ಲೈಡರಿನ ವಿಷಯ ಕೇಳಬೇಡಿ. ಗೋದಾಮಿನಲ್ಲಿ ಇರುವುದನ್ನು ಗುಜರಿಗೆ ಹಾಕಬೇಡಿ.

ಇತಿ
ಲೋಕೇಶ್


ನಾಪೋಕ್ಲು
18 ಆಗಸ್ಟ್ 2025

ಲೋಕೇಶ,

ನಿನ್ನೆ ಕ್ಲಬ್ಬಿನ ಸಭೆ ಇತ್ತು. ಹೇಳಿದೆ.

ಹೇಗೆ ಹೇಳಿದೆ ಎಂದು ಕೇಳು. ಹಿಂದಿನ ನಾಲ್ಕು ವಾರ ನನ್ನ ಸ್ಥಿತಿ ಹೇಳುವ ಹಾಗಿರಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದೆ, ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದೆ. ಎರಡು ಸಲ ಕ್ಲಬ್ಬಿನ ಅಧ್ಯಕ್ಷರು ಕುಶಾಲಪ್ಪಣ್ಣನ ಮನೆ ಗೇಟಿನವರೆಗೆ ಹೋಗಿ, ಕಾಫಿ ಗಿಡ ಕೇಳಲು ಬಂದವನ ಹಾಗೆ ಮಾತಾಡಿ ವಾಪಸಾದೆ. ಇದನ್ನೆಲ್ಲ ನೀನು ಮರುಗಲಿ ಎಂದು ಬರೆಯುತ್ತಿಲ್ಲ. ಆಗಿದ್ದು ಹಾಗೆ.

ಸಭೆಯಲ್ಲಿ ಎದ್ದು ನಿಂತೆ. ಲೋಕೇಶನ ವೆಲ್ಡ್ ಬಿಟ್ಟಿರಲಿಲ್ಲ, ಬೋಲ್ಟ್ ಬಿಗಿಯದೆ ಗಾಡಿ ಹತ್ತಿಸಿದ್ದು ನಾನು, ತಪ್ಪು ನನ್ನದು ಎಂದೆ. ಎಲ್ಲರಿಗೂ ಕೈ ಮುಗಿದೆ. ಅದೇ ಕೆಟ್ಟದ್ದಾಯಿತು.

ಆಮೇಲೆ ಕುಶಾಲಪ್ಪಣ್ಣ ಎದ್ದು ಬಂದು ನನ್ನ ಭುಜ ತಟ್ಟಿ ಹೇಳಿದರು: "ನಿಂದ್ ದೊಡ್ಡ ಮನಸ್ಸ್, ತೀರ್ಥ. ಅಂವನ ತಪ್ಪುನ ನೀ ಹೊರಿಕೆ ಬೊತ್ತು." ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ನಾನು ಅಲ್ಲ, ಅಲ್ಲ ಎಂದಷ್ಟೂ ಜೋರಾಯಿತು. ಕೈಲಾಗದವನ ಹೊಟ್ಟೆಪಾಡಿಗೆ ತನ್ನ ಮರ್ಯಾದೆ ಕೊಟ್ಟ ಎಂದು ನನ್ನ ಎದುರಿಗೇ ಆಡಿಕೊಂಡರು. ಹೊರಡುವಾಗ ಭವಿತ್ ಕೈ ಕುಲುಕಿದ. ಹನ್ನೆರಡು ವರ್ಷದಲ್ಲಿ ಭವಿತ್ ನನ್ನ ಕೈ ಕುಲುಕಿದ್ದು ಇದೇ ಮೊದಲು.

ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದರು. ನಿಜ ಹೇಳಿದರೆ ಚಪ್ಪಾಳೆ. ಬೆಳಿಗ್ಗೆಯಿಂದ ಯಾರ ಮೇಲಾದರೂ ಕೂಗಾಡಬೇಕು ಅನ್ನಿಸುತ್ತಿದೆ. ಕೂಗಾಡಬೇಕಾದದ್ದು ನನ್ನ ಮೇಲೇ.

ತೀರ್ಥ


ಪಾಲಿಬೆಟ್ಟ
23 ಆಗಸ್ಟ್ 2025

ತೀರ್ಥಪ್ರಸಾದ್ ಅವರಿಗೆ,

ನಿಮ್ಮ ಕಾಗದಕ್ಕಿಂತ ಮೊದಲೇ ಸುದ್ದಿ ಬಂತು. ನಿಮ್ಮ ಸಭೆಯ ಮೂರು ಜನ ಫೋನ್ ಮಾಡಿದ್ದರು. ಅವರಲ್ಲಿ ಒಬ್ಬರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ತೀರ್ಥಣ್ಣ ನಿನಗೋಸ್ಕರ ತಲೆ ತಗ್ಗಿಸಿದರು. ಹೋಗಿ ಒಂದ್ಸಲ ಕಾಲು ಮುಟ್ಟಿ ಬಾ."

ಹೋದ ವರ್ಷ ನಾನು ಕೆಲಸ ಬಾರದವನು ಮಾತ್ರ ಆಗಿದ್ದೆ. ಈ ವರ್ಷ ಕೆಲಸವೂ ಬಾರದ, ಋಣವೂ ತಿಳಿಯದವನು.

ನೀವು ಹೇಳಿದಿರಿ, ಅದು ನನಗೆ ಗೊತ್ತು. ಆದರೆ ನಿಮ್ಮ ಬಾಯಿಯ ಮಾತು ನನ್ನ ಹೆಸರನ್ನು ಕೆಡಿಸಬಲ್ಲದು, ಸರಿ ಮಾಡಲಾರದು. ದಯವಿಟ್ಟು ಇಲ್ಲಿಗೆ ಬಿಡಿ. ಕೊಯಮತ್ತೂರಿನದು ತರಿಸಿ, ಹಾಕಿಸಿಕೊಳ್ಳಿ.

ಇತಿ
ಲೋಕೇಶ್


ನಾಪೋಕ್ಲು
15 ಸೆಪ್ಟೆಂಬರ್ 2025

ಲೋಕೇಶ,

ಬಿಡಿ ಎಂದು ನೀನು ಬರೆದಿದ್ದೆ. ಬಿಡಲಿಲ್ಲ. ಬೈಯುವುದಾದರೆ ಪೂರ್ತಿ ಓದಿ ಬೈ.

ಕೊಯಮತ್ತೂರಿನದು ತರಿಸಲಿಲ್ಲ, ಇರಿಟ್ಟಿಯದೂ ಇಲ್ಲ. ಮೂರು ತಿಂಗಳು ಹುಡುಕಿ ಕೊನೆಗೆ ಆರಿಸಿಕೊಂಡದ್ದು ಗೋದಾಮಿನಲ್ಲಿದ್ದ ನಿನ್ನ ಜೊತೆಯನ್ನೇ. ಟಾರ್ಪಾಲು ಬಿಚ್ಚಿ ನೋಡಿದೆ. ಪೈಪು ಒಂದೆಳೆಯಷ್ಟೂ ಬಾಗಿಲ್ಲ. ಒಂದು ಕಡೆಯೂ ಹೊಸದಾಗಿ ವೆಲ್ಡ್ ಮುಟ್ಟಿಸಲಿಲ್ಲ, ಬಣ್ಣವನ್ನೂ ಹೊಡೆಯಲಿಲ್ಲ.

ನಿನ್ನೆ ಬೆಳಿಗ್ಗೆ ಗಾಡಿಗಳ ತಪಾಸಣೆಗೆ ಮೊದಲೇ ಕುಶಾಲಪ್ಪಣ್ಣನನ್ನು ಕರೆದೆ. ನನ್ನ ಮಾತು ಬೇಡ, ನಿಮ್ಮ ಕೈಯಿಂದ ನೋಡಿ ಎಂದೆ. ಅವರ ಎದುರಿಗೇ ಎಡಗಡೆಯ ಎಂಟು ಬೋಲ್ಟುಗಳನ್ನೂ ಬೆರಳಲ್ಲಿ ತಿರುಗಿಸಿ ನಿಲ್ಲಿಸಿದೆ, ಹೋದ ವರ್ಷ ಮಾಡಿದ ಹಾಗೆಯೇ. ಎಸ್ಟೇಟಿನ ಕಲ್ಲುದಾರಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಒಬ್ಬನೇ ಹೋಗಿ ಬಂದೆ. ಬರುವಾಗ ಅದೇ ಸದ್ದು. ಕುಶಾಲಪ್ಪಣ್ಣ ಪಂಚೆ ಎತ್ತಿ ಕಟ್ಟಿ ಗಾಡಿಯ ಅಡಿಗೆ ತೂರಿದರು. ಎರಡು ಬೋಲ್ಟ್ ದಾರಿಯಲ್ಲೇ ಬಿದ್ದುಹೋಗಿದ್ದವು. ಉಳಿದ ಆರನ್ನೂ ಅವರು ಎರಡೇ ಬೆರಳಲ್ಲಿ ತಿರುಗಿಸಿ ಬಿಚ್ಚಿದರು. ಸ್ಲೈಡರ್ ಅವರ ಎದೆಯ ಮೇಲೇ ಬೀಳುವುದಿತ್ತು, ನಾವು ನಾಲ್ಕು ಜನ ಹಿಡಿದೆವು. ಎದ್ದು ಬಂದವರ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ಬಿದ್ದ ಎರಡರ ಬದಲು ಬೇರೆ ಹಾಕಿ ಎಂಟನ್ನೂ ಸ್ಪ್ಯಾನರಿನಲ್ಲಿ ಬಿಗಿದೆವು. ಎಮ್ಮೆಬಂಡೆಗೆ ಗಾಡಿ ಹತ್ತಿಸುವ ಕೆಲಸ ಭವಿತ್‌ಗೆ ಕೊಟ್ಟೆ. ನಾನು ಎಡಗಡೆ ಕೂತೆ.

ನಾನು ಆ ಸೀಟಿನಲ್ಲಿ ಕೂತು ಆ ಬಂಡೆಗೆ ಯಾವತ್ತೂ ಹೋಗಿರಲಿಲ್ಲ. ಡ್ರೈವರಿಗೆ ಕಾಣುವುದು ಆಕಾಶ. ಎಡಗಡೆಯವನಿಗೆ ಕಾಣುವುದು ಬಂಡೆ. ಭವಿತ್ "ಅಣ್ಣ, ಗಟ್ಟಿ ಹಿಡ್ಕಣಿ" ಎಂದ, ಗಾಡಿ ವಾಲಿತು, ಬಂಡೆ ಕಿಟಕಿಯ ಹತ್ತಿರ ಬಂತು. ಆ ಪಾಚಿ, ಅದರ ಮೇಲಿನ ನೀರು ಎಲ್ಲ ಕಂಡಿತು. ನಾನು ಎರಡು ಕಾಲನ್ನೂ ಸೀಟಿನ ಮೇಲೆ ಎಳೆದುಕೊಂಡೆ. ಹೆದರಿದೆ ಲೋಕೇಶ, ಚಿಕ್ಕ ಮಗುವಿನ ಹಾಗೆ ಹೆದರಿದೆ. ನನ್ನ ಅಡಿಯಲ್ಲಿರುವುದು ಬಿಗಿದ ಬೋಲ್ಟು, ನಿನ್ನ ವೆಲ್ಡು ಎಂದು ಗೊತ್ತಿದ್ದೂ ಹೆದರಿದೆ. ನಿನಗೆ ಅದೂ ಇರಲಿಲ್ಲ. ಪಕ್ಕದಲ್ಲಿ ನಾನು ಇದ್ದೆ, ಅಷ್ಟೆ.

ಗಾಡಿಯ ಪೂರ್ತಿ ಭಾರ ದಡ್ ಎಂದು ಪೈಪಿನ ಮೇಲೆ ಕೂತಿತು. ಕಬ್ಬಿಣ ಕಿರುಚಿಕೊಂಡು ಜಾರಿತು. ಬಾಗಿಲಿಗೆ ಒಂದು ಗೀರೂ ಇಲ್ಲ. ಕೆಳಗಿಳಿದು ಮೈಕು ಕೇಳಿ, ಜಾಕ್ ಎಂದು ನಿನಗೆ ಸುಳ್ಳು ಹೇಳಿದ್ದನ್ನೂ ಸೇರಿಸಿ ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುಶಾಲಪ್ಪಣ್ಣ, "ಇದ್ನ ಹೋದ ವರ್ಷನೇ ಹೇಳೊಕಾಗಿತ್ತ್" ಎಂದಷ್ಟೇ ಹೇಳಿ ಸ್ಪರ್ಧಿಗಳ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು. ಎರಡು ವರ್ಷ ಯಾವ ಸ್ಪರ್ಧೆಯೂ ಇಲ್ಲ. ಜನ ದಾರಿ ಬಿಟ್ಟರು, ನಾನು ಗಾಡಿ ತಗೊಂಡು ಮನೆಗೆ ಬಂದೆ. ಅಮ್ಮನಿಗೂ ಎಲ್ಲ ಹೇಳಿದೆ. ಅವರು ಅತ್ತರು.

ಎಡಗಡೆ ಪೈಪಿನ ನಡುವೆ ಹೆಬ್ಬೆರಳಿನಷ್ಟು ತಗ್ಗು ಬಿದ್ದಿದೆ. ಅದನ್ನು ಬೇರೆ ಯಾರ ಹತ್ತಿರವೂ ಸರಿ ಮಾಡಿಸುವುದಿಲ್ಲ. ನೀನು ಮಾಡುವುದಿಲ್ಲ ಎಂದರೆ ಹಾಗೇ ಇರುತ್ತದೆ.

ತೀರ್ಥ


ಪಾಲಿಬೆಟ್ಟ
22 ಸೆಪ್ಟೆಂಬರ್ 2025

ತೀರ್ಥ,

ಭವಿತ್ ಬಂದಿದ್ದ. ತನ್ನ ಜೀಪಿಗೆ ಒಂದು ಜೊತೆ ಬೇಕಂತೆ, ನಿನ್ನದರ ಹಾಗೆಯೇ ದುಂಡು ಪೈಪು. ಅಳತೆ ತಗೊಂಡೆ. ಕುಶಾಲಪ್ಪಣ್ಣನೂ ಫೋನ್ ಮಾಡಿದ್ದರು. ಹೆಚ್ಚು ಮಾತಾಡಲಿಲ್ಲ, ಅವರ ಟ್ರ್ಯಾಕ್ಟರಿನ ಕೆಲಸವೊಂದು ಇದೆಯಂತೆ. ಬನ್ನಿ ಎಂದೆ. ಫೋನ್ ಇಟ್ಟ ಮೇಲೆ ಶೆಡ್ಡಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ಗಾಡಿಯ ಅಳತೆ ತಗೊಳ್ಳದೆ ಒಂದು ವರ್ಷವಾಗಿತ್ತು.

ಒಂದು ವಿಷಯ ನಿನಗೆ ಹೇಳಬೇಕು. ಪಾದ ಸಿಕ್ಕಿಕೊಂಡಿದ್ದ ಆ ನಲವತ್ತು ನಿಮಿಷವೂ ನೀನು ನನ್ನ ಕೈ ಬಿಟ್ಟಿರಲಿಲ್ಲ. ಏನಿಲ್ಲ ಲೋಕೇಶ, ನಾನಿದ್ದೇನೆ ಎನ್ನುತ್ತಲೇ ಇದ್ದೆ. ಆ ಕೈಯನ್ನು ನೆನೆಸಿಕೊಂಡೇ ನಿನ್ನ ಮೇಲಿನ ಸಿಟ್ಟನ್ನು ತಡೆದುಕೊಂಡಿದ್ದೆ. ಜುಲೈಯಲ್ಲಿ ನಿನ್ನ ಕಾಗದ ಓದಿದ ಮೇಲೆ ಅದೂ ಹೋಯಿತು. ನಿನಗೆ ಎಲ್ಲ ಗೊತ್ತಿದ್ದೇ ಕೈ ಹಿಡಿದಿದ್ದೆ. ಕಾಲಿಗಿಂತ ಜಾಸ್ತಿ ನೋವಾದದ್ದು ಅದು.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರೆದು ಹೊಡೆದುಹಾಕಿದೆ. ಇನ್ನೂ ಆಗಿಲ್ಲ, ಸುಳ್ಳು ಯಾಕೆ? ಆದರೆ ನೀನು ಎಡಗಡೆ ಕೂತು ಕಾಲು ಎಳೆದುಕೊಂಡೆ ಎಂದು ಓದಿದಾಗ ನನಗೆ ನಗು ಬಂತು. ನಿನ್ನನ್ನು ನೆನೆದು ನಗದೆ ಎಷ್ಟೋ ದಿನವಾಗಿತ್ತು.

ಭಾನುವಾರ ಪಿಕಪ್ಪನ್ನು ತಗೊಂಡು ಬಾ. ತಗ್ಗು ತೆಗೆಯಲು ಪೈಪನ್ನು ಇಳಿಸಬೇಕು, ಬೆಳಿಗ್ಗೆ ಬಂದರೆ ಸಂಜೆಯಾಗುತ್ತದೆ. ಮಧ್ಯಾಹ್ನ ಊಟಕ್ಕೆ ಇಲ್ಲೇ ಇರಬೇಕಾಗುತ್ತದೆ. ಸುಮಿತಾಗೆ ಹೇಳಿದೆ. ಅವಳ ಸಿಟ್ಟು ಇಳಿದಿಲ್ಲ. ಅಕ್ಕಿ ಹಾಕುತ್ತೇನೆ, ಬಡಿಸುವುದಿಲ್ಲ ಎಂದಳು.

ನಾನು ಬಡಿಸುತ್ತೇನೆ. ಬಾ.

ಲೋಕೇಶ